ಕಡಲ ಕಡೆಯವಳು

"ಗುರುಗಳೇ, ಕಣ್ಣಿಗೆ ಕಾಣದ ಊರಿನ ಸಂಕಟಕ್ಕೆ ನಾವು ಎಷ್ಟು ಮಾಡಬೇಕು? ಎಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳಬೇಕು?"

ಬೆಳಗಿನ ಪಾಠ ಮುಗಿದ ಮೇಲೆ ಮರುಳಯ್ಯ ಹೀಗೆ ಕೇಳಿದ. ಬಡಗಣ ಬೆಟ್ಟಗಳ ಆಚೆ ಭೂಮಿ ನಡುಗಿ ಊರುಗಳು ಉರುಳಿದ ಸುದ್ದಿ ಮಠಕ್ಕೆ ಬಂದು ಎಂಟು ದಿನವಾಗಿತ್ತು. ಕಾಳುಕಡಿ, ಬಟ್ಟೆಬರೆ ಕೂಡಿಸಿ ಕಳಿಸುವ ಹೊಣೆಯನ್ನು ಮರುಳಯ್ಯನೇ ಹೊತ್ತಿದ್ದ. ಕೆಲಸ ಚೆನ್ನಾಗಿಯೇ ನಡೆದಿತ್ತು. ಕೊನೆಯ ಬಂಡಿ ಹಿಂದಿನ ದಿನ ಹೊರಟಿತ್ತು. ಆದರೂ ಅವನ ಮನಸ್ಸಿಗೆ ನೆಮ್ಮದಿ ಇರಲಿಲ್ಲ.

ಗುರುಗಳು ಕುಳಿತುಕೊಳ್ಳುವಂತೆ ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಸಂತೆಯ ಊರು. ಅಲ್ಲಿಂದ ಕಡಲಿಗೆ ಬಂಡಿಯಲ್ಲಿ ಹನ್ನೆರಡು ದಿನದ ದಾರಿ. ಊರಿನವರಲ್ಲಿ ಕಡಲನ್ನು ಕಂಡವರು ಇಲ್ಲವೆನ್ನುವಷ್ಟು ಕಡಿಮೆ. ಆ ಊರಿನಲ್ಲಿ ಒಂದು ಛತ್ರವಿತ್ತು. ದಾರಿಹೋಕರಿಗೆ ಎರಡು ಹೊತ್ತು ಊಟ, ಕಾಯಿಲೆ ಬಿದ್ದವರಿಗೆ ಗಂಜಿ, ದಿಕ್ಕಿಲ್ಲದೆ ಸತ್ತವರಿಗೆ ಮಣ್ಣು, ಎಲ್ಲವನ್ನೂ ಊರವರು ಸೇರಿ ನಡೆಸುತ್ತಿದ್ದರು. ಛತ್ರವನ್ನು ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ ಒಬ್ಬ ನೇರ ಮನುಷ್ಯ. ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವನು ತನ್ನ ಎಲೆ ಹಾಕಿಕೊಳ್ಳುತ್ತಿದ್ದ.

ಛತ್ರದಲ್ಲಿ ಹಾಸುತ್ತಿದ್ದ ಚಾಪೆಗಳೆಲ್ಲ ಒಬ್ಬಳೇ ಹೆಂಗಸು ಹೆಣೆದವು. ಕೆರೆಯಂಚಿನ ಜೊಂಡುಹುಲ್ಲನ್ನು ಕೊಯ್ದು, ಒಣಗಿಸಿ, ಮನೆಯ ಮುಂದೆ ಕುಳಿತು ಹೆಣೆಯುತ್ತಿದ್ದಳು. ಅವಳು ಆ ಊರಿನವಳಲ್ಲ. ಕಡಲ ಕಡೆಗೆ ಹೋಗಿ ಉಪ್ಪು ತರುತ್ತಿದ್ದ ಬಂಡಿಯವನೊಬ್ಬ ಅಲ್ಲಿಯೇ ಅವಳನ್ನು ಮದುವೆಯಾಗಿ ಕರೆತಂದಿದ್ದ. ಅವಳ ಹೆಸರು ಪವಳಿ. ಆದರೆ ಊರವರು ಮೊದಲ ದಿನದಿಂದ ಅವಳನ್ನು ಕಡಲ ಕಡೆಯವಳು ಎಂದೇ ಕರೆದರು. ಮೂವತ್ತು ವರ್ಷದಲ್ಲಿ ಆ ಮಾತು ನಾಲಗೆಗೆ ಎಷ್ಟು ಒಗ್ಗಿಹೋಯಿತೆಂದರೆ, ಅದರೊಳಗೆ ಒಂದು ಕಡಲಿದೆ ಎಂಬುದು ಯಾರಿಗೂ ಹೊಳೆಯದಾಯಿತು.

ಗಂಡ ಇರುವಷ್ಟು ದಿನ ಅವಳಿಗೆ ತವರು ತೀರ ದೂರ ಎನ್ನಿಸಲಿಲ್ಲ. ವರ್ಷಕ್ಕೊಮ್ಮೆ ಅವನು ಉಪ್ಪಿನ ಜೊತೆಗೆ ತಾಯಿಯ, ಅಣ್ಣಂದಿರ ಸುದ್ದಿ ತರುತ್ತಿದ್ದ. ವ್ಯಾಪಾರಕ್ಕೆಂದು ಅಲ್ಲಿಯ ಮಾತು ಕಲಿತಿದ್ದ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಗಂಡಹೆಂಡಿರು ಆ ಮಾತಿನಲ್ಲೇ ಮಾತಾಡುತ್ತಿದ್ದರು. ಅವನು ಸತ್ತು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಆಮೇಲೆ ಊರಿಗೆ ಉಪ್ಪು ಬೇರೆ ದಿಕ್ಕಿನಿಂದ ಬರತೊಡಗಿತು. ಅವಳ ಮಾತು ಬಲ್ಲವರು ಆ ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ.

ಒಮ್ಮೆ ಜೊಂಡು ಕೊಯ್ಯುತ್ತಿದ್ದಾಗ, ಏಡಿ ಹಿಡಿಯುವ ಸಣ್ಣ ಬುಟ್ಟಿಗೆ ತಮ್ಮ ಕಡೆ ಏನನ್ನುತ್ತಾರೆ ಎಂಬುದು ಅವಳಿಗೆ ನೆನಪಾಗಲಿಲ್ಲ. ಮೂರು ದಿನ ತಡಕಾಡಿದಳು. ನಾಲ್ಕನೆಯ ದಿನ ಅದು ತಾನಾಗಿ ಬಾಯಿಗೆ ಬಂತು. ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನೇ ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡಳು. ಆಮೇಲೆ ಅಳು ಬಂತು.

ಮೂರು ವರ್ಷದ ಹಿಂದೆ ಕಡಲು ನೋಡಿ ಬರುತ್ತಿದ್ದ ಬಯಲುಸೀಮೆಯ ಯಾತ್ರಿಕನೊಬ್ಬ ಛತ್ರದಲ್ಲಿ ಇಳಿದುಕೊಂಡಿದ್ದಾಗ ಅವಳನ್ನು ಹುಡುಕಿಕೊಂಡು ಬಂದಿದ್ದ. ನಿನ್ನ ತಾಯಿಗೆ ಕಣ್ಣು ಮಂಜಾಗುತ್ತಿದೆಯಂತೆ, ಪೂರ್ತಿ ಹೋಗುವ ಮೊದಲು ಒಂದು ಸಲ ಬಂದು ಮುಖ ತೋರಿಸಬೇಕಂತೆ ಎಂದು ಹೇಳಿ ಹೋದ. ಅವಳು ಆ ವರ್ಷವೇ ಹೊರಡಬೇಕೆಂದಿದ್ದಳು. ಜೊಂಡಿನ ಕೊಯ್ಲು ಮುಗಿಯಲಿ ಎಂದುಕೊಂಡಳು. ಕೊಯ್ಲು ಮುಗಿಯುವುದರೊಳಗೆ ಮಳೆ ಹಿಡಿಯಿತು. ಮರುವರ್ಷ ಜ್ವರ ಬಂದು ಮಲಗಿದಳು. ಅದರ ಮರುವರ್ಷ ಮನೆಯ ಸೂರು ಕುಸಿದು ಅದನ್ನು ಕಟ್ಟಿಸಿಕೊಳ್ಳಬೇಕಾಯಿತು. ಪ್ರತಿ ಸಲವೂ ಬರುವ ವರ್ಷ ಹೋಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡಾಗಲೆಲ್ಲ ಹೋಗಿಬಂದಷ್ಟೇ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಒಂದು ಸಂತೆಯ ದಿನ ಓಲೆಕಾರನೊಬ್ಬ ಮೂಡಣ ದಾರಿಯಿಂದ ಬಂದ. ಕುದುರೆಯಿಂದ ಇಳಿಯದೆಯೇ ಸುದ್ದಿ ಹೇಳಿದ. ಕಡಲು ಎದ್ದು ಬಂದಿದೆ. ಹೊಳೆ ಕಡಲನ್ನು ಸೇರುವ ಕಡೆ ಏಳು ಊರು ಕೊಚ್ಚಿಹೋಗಿವೆ. ಉಳಿದವರು ಮರಳುದಿಬ್ಬದ ಮೇಲೆ ಕುಳಿತಿದ್ದಾರೆ, ಅವರಿಗೆ ಅನ್ನವಿಲ್ಲ, ನೆರಳಿಲ್ಲ. ಇಷ್ಟು ಹೇಳಿ ಅವನು ಮುಂದಿನ ಊರಿಗೆ ಹೊರಟುಹೋದ.

ಪವಳಿ ಚಾಪೆಗಳನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು. ಹೊಳೆ ಕಡಲನ್ನು ಸೇರುವ ಕಡೆ ಎಂದರೆ ಅವಳ ತವರು. ಎದ್ದು ಓಲೆಕಾರನ ಹಿಂದೆ ಓಡಬೇಕೆನ್ನಿಸಿತು. ಕುಳಿತಲ್ಲೇ ಉಳಿದಳು.

ಊರು ಮಾತ್ರ ಕೂಡಲೇ ಎದ್ದಿತು. ಪಾರುಪತ್ಯಗಾರ ಡಂಗುರ ಹೊಡೆಸಿದ. ಹೆಂಗಸರು ಅವಲಕ್ಕಿ ಕುಟ್ಟಿದರು, ಹುರಿಹಿಟ್ಟು ಮಾಡಿದರು. ಕುಂಬಾರರು ಮಡಕೆ ಕೊಟ್ಟರು. ನೇಕಾರರು ಮಗ್ಗದಿಂದ ಆಗತಾನೆ ಇಳಿಸಿದ ಬಟ್ಟೆ ಕೊಟ್ಟರು. ಹಳೆಯ ಜಗಳವಿದ್ದ ಎರಡು ಕೇರಿಯವರು ಒಂದೇ ಒರಳಿನಲ್ಲಿ ಕುಟ್ಟಿದರು. ಚಾಪೆ ಬೇಕೆಂದು ಪವಳಿಗೂ ಹೇಳಿಕಳಿಸಿದರು. ಅವಳು ಕೈಗೆ ಬಿಡುವು ಕೊಡದೆ ಹೆಣೆದು, ಮನೆಯಲ್ಲಿದ್ದ ಹಳೆಯವನ್ನೂ ಸೇರಿಸಿ, ತಾನು ಮಲಗುವ ಚಾಪೆಯನ್ನೂ ಮೇಲಿಟ್ಟು ಹೊತ್ತುಕೊಂಡು ಹೋದಳು.

ಬಂಡಿಗಳಿಗೆ ಮೂಟೆ ಏರಿಸುತ್ತಿದ್ದರು. ಅವಳು ಪಾರುಪತ್ಯಗಾರನ ಹತ್ತಿರ ಹೋಗಿ, ತಾನೂ ಬಂಡಿಯ ಜೊತೆ ಬರುತ್ತೇನೆ ಎಂದಳು.

ಅವನು ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದ. "ಅಮ್ಮಾ, ನೀನು ಕೂರುವ ಜಾಗದಲ್ಲಿ ಎರಡು ಮೂಟೆ ಅವಲಕ್ಕಿ ಹಿಡಿಯುತ್ತದೆ. ಅಲ್ಲಿ ಹಸಿದವರಿದ್ದಾರೆ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಅಲ್ಲಿ ನನ್ನ ತಾಯಿ ಇದ್ದಾಳೆ ಎಂಬ ಮಾತು ಬಾಯಿಯವರೆಗೆ ಬಂತು. ಕಂಡರಿಯದ ಜನಕ್ಕಾಗಿ ಊರಿಗೆ ಊರೇ ಬೆವರು ಸುರಿಸುತ್ತಿರುವಾಗ ತನ್ನೊಬ್ಬಳ ತಾಯಿಯ ಮಾತನ್ನು ಹೇಗೆ ಎತ್ತುವುದು? ಅವಳು ತಲೆಯಾಡಿಸಿ ಹಿಂದಕ್ಕೆ ಬಂದಳು. ಪಾರುಪತ್ಯಗಾರ ಆಗಲೇ ಮುಂದಿನ ಬಂಡಿಯ ಕಡೆ ತಿರುಗಿದ್ದ.

ಬಂಡಿಗಳು ಹೊರಟ ದಿನ ಛತ್ರದಲ್ಲಿ ಎಲ್ಲರಿಗೂ ಊಟ ಹಾಕಿದರು. ದುಡಿದ ಮೈಗೆ ಊಟ ರುಚಿಸಿತು. ಜನರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಕಳೆ ಇತ್ತು. ಅಷ್ಟು ಚಾಪೆ ಕೊಟ್ಟವಳೆಂದು ಪವಳಿಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಅವಳು ಅನ್ನ ಕಲಸಿದಳು. ಒಂದು ತುತ್ತೂ ಉಣ್ಣದೆ ಎಲೆ ಮಡಚಿದಳು. ಪಕ್ಕದ ಹೆಂಗಸು ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಬಿಸಿಲಿಗೆ ಹೀಗಾಗಿದೆ ಎಂದು ಪವಳಿ ಹೇಳಿದಳು.

ಮರುದಿನದಿಂದ ಅವಳು ಮೂಡಣ ದಾರಿಯ ಅರಳಿಕಟ್ಟೆಗೆ ಹೋಗಿ ಕೂರತೊಡಗಿದಳು. ಆ ದಿಕ್ಕಿನಿಂದ ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. ಒಬ್ಬ ಎಲ್ಲರೂ ಸತ್ತರು ಎಂದ. ಇನ್ನೊಬ್ಬ ಅಂಥದ್ದೇನೂ ಆಗಿಲ್ಲವಂತೆ ಎಂದ. ಇಬ್ಬರೂ ಕಡಲಿನ ಹತ್ತಿರಕ್ಕೂ ಹೋದವರಲ್ಲ. ತಾಯಿ ಈಗ ದಿಬ್ಬದ ಮೇಲೆ ಕುಳಿತಿರಬಹುದು ಎಂದು ಅವಳು ಊಹಿಸಿಕೊಳ್ಳುತ್ತಿದ್ದಳು. ಕಣ್ಣು ಕಾಣದವಳು, ಯಾರ ತೋಳು ಹಿಡಿದು ದಿಬ್ಬ ಹತ್ತಿದಳೋ. ದೊಡ್ಡಣ್ಣ ಮನೆಯಲ್ಲಿದ್ದನೋ, ದೋಣಿಯ ಮೇಲಿದ್ದನೋ. ಕೆಲವು ಸಲ ತಾಯಿಯ ಮುಖ ನೆನಪಿಗೆ ಬಾರದೆ ಅವಳ ಕೈಗಳು ಮಾತ್ರ ಕಣ್ಣ ಮುಂದೆ ಬರುತ್ತಿದ್ದವು. ಮೀನು ಹೆರೆಯುವಾಗ ಬೆರಳಿನ ಮೇಲೆ ಅಂಟಿಕೊಂಡ ಹೊಳೆಯುವ ಪೊರೆಗಳು.

ಊರಿನಲ್ಲಿ ಎರಡನೆಯ ಸಲಕ್ಕೆ ಬಂಡಿ ಹೊರಡಿಸುವ ಕೆಲಸ ಸಾಗಿತ್ತು. ಛತ್ರದವರು ಮತ್ತೆ ಚಾಪೆ ಕೇಳಿದರು. ಜೊಂಡು ಮುಗಿದಿದೆ ಎಂದು ಪವಳಿ ಹೇಳಿಕಳಿಸಿದಳು. ಕೆರೆಯ ತುಂಬ ಜೊಂಡು ನಿಂತಿದ್ದುದನ್ನು ಊರೆಲ್ಲ ಕಾಣುತ್ತಿತ್ತು. ಎಲ್ಲರೂ ದುಡಿಯುವಾಗ ಇವಳೊಬ್ಬಳು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ ಎಂದು ಜನ ಆಡಿಕೊಂಡರು. ಆ ಮಾತು ಅವಳ ಕಿವಿಗೂ ಬಿತ್ತು. ಅವಳು ಕಟ್ಟೆ ಬಿಟ್ಟು ಏಳಲಿಲ್ಲ.

ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಬಂಡಿಗಳು ಹಿಂದಿರುಗಿದವು. ಮುಂದಿನ ಬಂಡಿ ಹೊಡೆಯುತ್ತಿದ್ದವನು ವಯಸ್ಸಾದವನು. ಅವಳು ದಾರಿಗೆ ಅಡ್ಡ ನಿಂತು ಕೈ ಮುಗಿದಳು. ಅವನು ಎತ್ತುಗಳನ್ನು ನಿಲ್ಲಿಸಿದ. ಅಲ್ಲಿ ಯಾರು ಯಾರು ಉಳಿದಿದ್ದಾರೆ ಎಂದು ಕೇಳಿದಳು.

ಅವನಿಗೆ ಹೆಸರು ಗೊತ್ತಿರಲಿಲ್ಲ. ಕಂಡದ್ದನ್ನು ಹೇಳಿದ. ಜನ ದಿಬ್ಬದ ಮೇಲಿದ್ದರು. ಮೂಟೆಗಳನ್ನು ಇಳಿಸಿಕೊಂಡರು, ಕೈ ಮುಗಿದರು. ಆದರೆ ಬಂಡಿಗಳು ಹೊರಟಾಗ ನೊಗ ಹಿಡಿದುಕೊಂಡು ಬಿಡಲಿಲ್ಲ. ಏನೇನೋ ಹೇಳಿದರು. ಇವರಿಗೆ ಒಂದು ಮಾತೂ ತಿಳಿಯಲಿಲ್ಲ. ಒಬ್ಬ ಮುದುಕಿಯಂತೂ ಇವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದಳು. ಹೊತ್ತು ಇಳಿಯುತ್ತಿತ್ತು. ಬಿಡಿಸಿಕೊಂಡು ಬರಲು ಮನಸ್ಸಾಗದೆ, ಕೊನೆಗೆ ಹೌದು ಹೌದು ಎಂದು ತಲೆಯಾಡಿಸಿದ. ಆಗ ಅವಳು ಕೈ ಬಿಟ್ಟಳು.

ಆ ಮಾತು ನೆನಪಿದೆಯೇ ಎಂದು ಪವಳಿ ಕೇಳಿದಳು.

ಅಷ್ಟು ಸಲ ಕೇಳಿದ್ದರಿಂದ ಅದು ಅವನ ಕಿವಿಯಲ್ಲಿ ಉಳಿದಿತ್ತು. ತನಗೆ ಬಂದ ಹಾಗೆ ಅದನ್ನು ಉಚ್ಚರಿಸಿದ. ಹನ್ನೊಂದು ವರ್ಷದ ಮೇಲೆ ಪವಳಿ ತನ್ನ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದಳು. ಅದು ಬಂಡಿಯವನ ಬಾಯಲ್ಲಿ ಸೊಟ್ಟಗಾಗಿತ್ತು, ಆದರೂ ತಿಳಿಯಿತು. ಅವಳು ನೊಗವನ್ನು ಹಿಡಿದುಕೊಂಡು ನಿಂತಳು.

"ಏನದರ ಅರ್ಥ, ತಂಗೀ?" ಎಂದು ಬಂಡಿಯವನು ಕೇಳಿದ.

"ನಿಮ್ಮ ಊರಿನಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಾಳೆ, ಅಣ್ಣಾ. ನೀನು ಹೌದು ಎಂದು ಬಂದಿದ್ದೀಯೆ."

ಬಂಡಿಯವನು ಕೆಳಗಿಳಿದು ಅರಳಿಕಟ್ಟೆಯ ಮೇಲೆ ಕುಳಿತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನೇರವಾಗಿ ಛತ್ರಕ್ಕೆ ನಡೆದ.

ಅದೇ ಮಧ್ಯಾಹ್ನ ಪಾರುಪತ್ಯಗಾರ ಅವಳ ಮನೆಗೆ ಬಂದ. ಮೂವತ್ತು ವರ್ಷದಲ್ಲಿ ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಹಾಸಲು ಚಾಪೆ ಇರಲಿಲ್ಲ. ಅವನು ನೆಲದ ಮೇಲೆಯೇ ಕುಳಿತ. ಆಮೇಲೆ ಕೇಳಿದ.

"ತಾಯೀ, ಅಲ್ಲಿ ನಿನಗೆ ಯಾರು ಯಾರಿದ್ದಾರೆ?"

ಅವಳು ಹೇಳತೊಡಗಿದಳು. ತಾಯಿಯ ಹೆಸರು ಹೇಳಿದಳು. ಇಬ್ಬರು ಅಣ್ಣಂದಿರ, ಅತ್ತಿಗೆಯರ ಹೆಸರು ಹೇಳಿದಳು. ಅಣ್ಣಂದಿರ ಮಕ್ಕಳನ್ನು ಅವಳು ಕಂಡಿರಲಿಲ್ಲ, ಅವರ ಹೆಸರನ್ನೂ ಹೇಳಿದಳು. ಜಗಳಗಂಟಿ ಚಿಕ್ಕಮ್ಮನ ಮಾತು ಬಂದಾಗ ನಕ್ಕಳು. ಪಕ್ಕದ ಮನೆಯವರು, ದೋಣಿ ಕಟ್ಟುವವರು, ಉಪ್ಪಿನ ಗದ್ದೆಯಲ್ಲಿ ಜೊತೆಗೆ ಆಡಿದ ಗೆಳತಿ, ಒಬ್ಬರನ್ನೂ ಬಿಡಲಿಲ್ಲ. ಪ್ರತಿ ವರ್ಷ ಹೋಗಬೇಕೆಂದುಕೊಂಡು ಹೋಗದೆ ಉಳಿದದ್ದನ್ನೂ ಹೇಳಿದಳು. ಪಾರುಪತ್ಯಗಾರ ನಡುವೆ ಬಾಯಿ ಹಾಕಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಛತ್ರದಿಂದ ಎರಡು ಸಲ ಕರೆ ಬಂತು. ಅವನು ಏಳಲಿಲ್ಲ. ಮೇಯಲು ಹೋದ ದನ ಊರಿಗೆ ಮರಳುವ ಹೊತ್ತಿಗೆ ಅವಳ ಮಾತು ಮುಗಿಯಿತು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ನಾಲ್ಕನೆಯ ದಿನ ಬಂಡಿಗಳು ಮತ್ತೆ ಹೊರಟವು. ಮುಂದಿನ ಬಂಡಿಯಿಂದ ಪಾರುಪತ್ಯಗಾರ ತಾನೇ ಎರಡು ಮೂಟೆ ಕೆಳಗಿಳಿಸಿದ. ಹಸಿದವರಿಗೆ ಕಡಿಮೆಯಾಗುತ್ತದಲ್ಲ ಎಂದು ಅವಳು ಹಿಂಜರಿದಳು. ಅವನು ಬಂಡಿಯಲ್ಲಿ ಒಣಹುಲ್ಲು ಹರಡಿ, ಅವಳು ಹತ್ತುವುದಕ್ಕೆ ಕೈ ಕೊಟ್ಟ.

ಹನ್ನೆರಡು ದಿನದ ದಾರಿಯಲ್ಲಿ ಅವಳು ಒಂದೇ ಸಮನೆ ಮುಂದಕ್ಕೆ ನೋಡುತ್ತಿದ್ದಳು. ಹತ್ತನೆಯ ದಿನ ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಹನ್ನೆರಡನೆಯ ದಿನ ಅವಳು ತವರಿನ ಜಾಗದಲ್ಲಿ ನಿಂತಳು. ಅಲ್ಲಿ ಊರಿರಲಿಲ್ಲ. ಮನೆಯ ಗುರುತೂ ಇರಲಿಲ್ಲ. ದಿಬ್ಬದ ಮೇಲೆ ಅವಳ ಕೇರಿಯ ಒಬ್ಬ ಮೀನುಗಾರ ಸಿಕ್ಕ. ತಾಯಿಯೂ ದೊಡ್ಡಣ್ಣನೂ ಮೊದಲ ದಿನವೇ ಹೋದರೆಂದು ಹೇಳಿದ. ಅಣ್ಣ ತಾಯಿಯನ್ನು ಬೆನ್ನ ಮೇಲೆ ಹೊತ್ತಿದ್ದನಂತೆ. ಚಿಕ್ಕಣ್ಣನ ಸಂಸಾರ ಎಲ್ಲಿ ಹೋಯಿತೆಂದು ಯಾರೂ ಕಂಡಿರಲಿಲ್ಲ. ಅವಳು ದಿಬ್ಬದ ಕೆಳಗೆ ಇಳಿದುಹೋಗಿ ನೀರಿನ ಅಂಚಿನಲ್ಲಿ ಬಹಳ ಹೊತ್ತು ಕುಳಿತಳು.

ಅಲ್ಲಿಗೆ ಆ ಮುದುಕಿ ಹುಡುಕಿಕೊಂಡು ಬಂದಳು. ಅವಳು ಬೇರೆ ಊರಿನವಳು. ಒಬ್ಬಳೇ ಮಗಳನ್ನು ಇಪ್ಪತ್ತು ವರ್ಷದ ಹಿಂದೆ ಬಯಲುಸೀಮೆಯ ಯಾವುದೋ ಊರಿಗೆ ಕೊಟ್ಟಿದ್ದಳು. ಊರಿನ ಹೆಸರು ಅವಳ ನೆನಪಿನಲ್ಲಿ ಉಳಿದಿರಲಿಲ್ಲ. ಬಂಡಿಯವನು ತಲೆಯಾಡಿಸಿ ಹೋದ ದಿನದಿಂದ ದಾರಿ ಕಾಯುತ್ತಿದ್ದಳು. ಪವಳಿಯ ಗಲ್ಲ ಹಿಡಿದು ಮುಖ ನೋಡಿದಳು. ತನ್ನ ಮಗಳಲ್ಲ ಎಂದು ತಿಳಿಯಿತು. ಆದರೂ ಕೈ ಬಿಡಲಿಲ್ಲ. ಪಕ್ಕದಲ್ಲಿ ಕುಳಿತು, ಕೊಚ್ಚಿಹೋದ ತನ್ನವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಅಲ್ಲಿ ಎಲ್ಲರಿಗೂ ಅವರವರ ದುಃಖವಿದ್ದುದರಿಂದ ಅವಳ ಮಾತನ್ನು ಅದುವರೆಗೆ ಯಾರೂ ಪೂರ್ತಿ ಕೇಳಿರಲಿಲ್ಲ. ಪವಳಿ ಕೇಳಿದಳು. ಆಮೇಲೆ ತನ್ನವರ ಹೆಸರುಗಳನ್ನು ತಾನೂ ಹೇಳಿದಳು.

ಎಲ್ಲ ಮುಗಿದ ಮೇಲೆ ಮುದುಕಿ ಕೇಳಿದಳು. "ಇಷ್ಟು ವರ್ಷದಲ್ಲಿ ನನ್ನ ಮಗಳು ಒಂದು ಸಲವೂ ಯಾಕೆ ಬರಲಿಲ್ಲ? ನಾವು ಬೇಡವಾದೆವೇ?"

ಆ ಪ್ರಶ್ನೆಗೆ ಉತ್ತರ ಬಲ್ಲವರು ಆ ದಿಬ್ಬದ ಮೇಲೆ ಬೇರೆ ಯಾರೂ ಇರಲಿಲ್ಲ.

"ಇಲ್ಲ, ಅಮ್ಮಾ," ಎಂದಳು ಪವಳಿ. "ಅವಳು ಪ್ರತಿ ವರ್ಷವೂ ಹೊರಟಿರುತ್ತಾಳೆ. ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿಯೇ ಇರುತ್ತಾಳೆ."

ಮುದುಕಿ ಪವಳಿಯ ತೋಳು ಹಿಡಿದು ಎಬ್ಬಿಸಿ, ತನ್ನ ಗುಡಿಸಲಿಗೆ ಕರೆದುಕೊಂಡು ಹೋದಳು.

ಪವಳಿ ಅಲ್ಲಿ ಎರಡು ಮಳೆಗಾಲ ಉಳಿದಳು. ದಿಬ್ಬದ ಜನ ಅವಳ ಹತ್ತಿರ ಬಂದು ಮಾತಾಡಿದರು. ಅವರ ಮಾತನ್ನು ಅವಳು ಬಂಡಿಯವರಿಗೆ ತಿಳಿಸಿದಳು. ಬಯಲುಸೀಮೆಯವರು ಪ್ರೀತಿಯಿಂದ ಕುಟ್ಟಿ ಕಳಿಸಿದ ಖಾರದ ಪುಡಿ ಅಲ್ಲಿಯವರ ಬಾಯಿಗೆ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬಲೆ ನೇಯಲು ನೂಲು, ದೋಣಿಗೆ ಹಲಗೆ. ಮುಂದಿನ ಬಂಡಿಗಳು ಅವನ್ನು ಹೊತ್ತು ಬಂದವು. ಮೂರನೆಯ ಸಲ ಪಾರುಪತ್ಯಗಾರ ತಾನೇ ಬಂಡಿಯ ಜೊತೆ ಬಂದು, ದಿಬ್ಬದ ಮೇಲೆ ಹದಿನೈದು ದಿನ ಇದ್ದು, ತಿಳಿಯದ ಭಾಷೆಯನ್ನು ಕೇಳುತ್ತ ಕುಳಿತಿದ್ದು ಹೋದ.

ಎರಡನೆಯ ಮಳೆಗಾಲ ಮುಗಿಯುವಾಗ ಮುದುಕಿ ಪವಳಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು. ಕೊನೆಗೆ ಅವಳು ಪವಳಿಯನ್ನು ತನ್ನ ಮಗಳ ಹೆಸರಿನಿಂದ ಕರೆದಳು. ಪವಳಿ ಓ ಎಂದಳು.

ಆಮೇಲೆ ಅವಳು ಹಿಂದಿರುಗುವ ಬಂಡಿ ಹತ್ತಿದಳು. ದಾರಿಯಲ್ಲಿ ಬಂಡಿ ನಿಂತ ಊರುಗಳಲ್ಲೆಲ್ಲ ಇಳಿದು, ಇಲ್ಲಿ ಕಡಲ ಕಡೆಯಿಂದ ಮದುವೆಯಾಗಿ ಬಂದವಳು ಇದ್ದಾಳೆಯೇ ಎಂದು ಕೇಳಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದ್ದರೂ ಇರಬಹುದು, ನಾವು ಯಾವತ್ತೂ ವಿಚಾರಿಸಿಲ್ಲ ಎಂದರು. ಅವಳು ಕೇಳುತ್ತಲೇ ಊರು ಸೇರಿದಳು. ಆಮೇಲೂ ಸಂತೆಗೆ ಬಂದ ಪರವೂರಿನವರನ್ನೆಲ್ಲ ಕೇಳುತ್ತಿದ್ದಳು.

ಗುರುಗಳು ಮಾತು ನಿಲ್ಲಿಸಿದರು. ಮರುಳಯ್ಯ ಕೇಳಿದ.

"ಆ ಮಗಳು ಕೊನೆಗಾದರೂ ಸಿಕ್ಕಳೇ, ಗುರುಗಳೇ?"

ಗುರುಗಳು ಎದ್ದು ನಿಂತು ಹೇಳಿದರು. "ನಮ್ಮ ಬಾವಿಯಲ್ಲಿ ನೀರು ಸೇದುವ ಮುದುಕ ಎಂಟು ದಿನದಿಂದ ಎಲೆಯ ಮುಂದೆ ಕೂತು ಉಣ್ಣದೆ ಏಳುತ್ತಿದ್ದಾನೆ, ಅವನು ಯಾವ ಸೀಮೆಯವನೆಂದು ಕೇಳಿದ್ದೀಯಾ?"